22 ಯಾಕೆ ಖಾಲಿ ಇತ್ತು?

ಐಪಿ ವಿಳಾಸದಲ್ಲಿ ಚುಕ್ಕೆಗಳ ನಡುವೆ ನಾಲ್ಕು ಸಂಖ್ಯೆ. ಒಂದೊಂದಕ್ಕೂ ಆಕ್ಟೆಟ್ ಎಂದು ಹೆಸರು. ಎಂಟು ಬಿಟ್ ಸೇರಿದರೆ ಬೈಟ್ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಹಾಗಿದ್ದ ಮೇಲೆ ಇನ್ನೊಂದು ಹೆಸರು ಯಾಕೆ ಬೇಕಾಯಿತು? ಹುಡುಕುತ್ತಾ ಹೋದರೆ ಕಾರಣ ಸಿಗುತ್ತದೆ. ಜಾಲದ ನಿಯಮಗಳನ್ನು ಬರೆಯುತ್ತಿದ್ದ ಕಾಲದಲ್ಲಿ ಬೈಟ್ ಎಂದರೆ ಎಂಟೇ ಬಿಟ್ ಎಂಬ ಖಾತ್ರಿ ಇರಲಿಲ್ಲ. ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್‌ಗೆ ಜೋಡಿಸಿದ್ದ ಪಿಡಿಪಿ-10 ಯಂತ್ರಗಳು ಒಂದು ಸಲಕ್ಕೆ 36 ಬಿಟ್‌ಗಳ ತುಣುಕನ್ನು ಹಿಡಿಯುತ್ತಿದ್ದವು. ಅದರೊಳಗೆ ಬೈಟನ್ನು ಬೇಕಾದ ಅಳತೆಗೆ ಕತ್ತರಿಸಿಕೊಳ್ಳಬಹುದಿತ್ತು. ಬೇರೆ ಬೇರೆ ಜಾತಿಯ ಯಂತ್ರಗಳು ಒಂದಕ್ಕೊಂದು ಮಾತಾಡಬೇಕಾದ ಕಡೆ ಇಂಥ ಸಡಿಲ ನಡೆಯುವುದಿಲ್ಲ. ಎಂಟು ಎಂದರೆ ಎಂಟೇ ಎಂದು ಕಟ್ಟುನಿಟ್ಟಾಗಿ ಹೇಳಲು ಆಕ್ಟೆಟ್ ಬಂತು. ಆ ಯಂತ್ರಗಳು ಈಗ ವಸ್ತುಸಂಗ್ರಹಾಲಯ ಸೇರಿವೆ, ಹೆಸರು ಪಠ್ಯದಲ್ಲಿ ಉಳಿದಿದೆ.

ಚೈತ್ರಾಗೆ ಹೇಳಿದೆ. "ಕ್ಲಾಸಲ್ಲಿ ಇದನ್ನ ಯಾರೂ ಹೇಳ್ಲೇ ಇಲ್ಲ ಮಾವ" ಅಂದಳು.

*

ಚೈತ್ರಾ ನನ್ನ ತಂಗಿಯ ಮಗಳು. ಹಾಸನದಲ್ಲಿ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ನಮ್ಮ ಮನೆಯಲ್ಲಿದ್ದುಕೊಂಡು ಸಿಸಿಎನ್‌ಎ ಪರೀಕ್ಷೆಗೆ ಓದುತ್ತಿದ್ದಾಳೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವನು. ಅವಳು ಜೋರಾಗಿ ಓದಿಕೊಳ್ಳುವಾಗ ಕಿವಿಗೆ ಬಿದ್ದ ಪದಗಳನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ. ಪರೀಕ್ಷೆ ಸಿಸ್ಕೊ ಕಂಪನಿಯದು, 1998ರಿಂದ ನಡೆಯುತ್ತಿದೆ. ಈಗಿನ ಪತ್ರಿಕೆಯ ಸಂಖ್ಯೆ 200-301, 2020ರ ಫೆಬ್ರವರಿಯಲ್ಲಿ ಜಾರಿಗೆ ಬಂದದ್ದು. ಅವಧಿ 120 ನಿಮಿಷ. ಪಾಸಾದರೆ ಪ್ರಮಾಣಪತ್ರಕ್ಕೆ ಮೂರು ವರ್ಷ ಆಯುಸ್ಸು.

ಒಂದು ನಿಯಮ ಮಾತ್ರ ನನಗೆ ಹೊಸದು. ಉತ್ತರ ಕೊಟ್ಟು ಮುಂದೆ ಹೋದ ಮೇಲೆ ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ. ನಮ್ಮ ಹುಡುಗರಿಗೆ ನಾವು ಹೇಳಿಕೊಡುವುದೇ ಬೇರೆ: ಗೊತ್ತಿಲ್ಲದ್ದನ್ನು ಬಿಡಿ, ಗೊತ್ತಿರುವುದನ್ನು ಮೊದಲು ಬರೆಯಿರಿ, ಕೊನೆಗೆ ಹತ್ತು ನಿಮಿಷ ಉಳಿಸಿಕೊಂಡು ಬಿಟ್ಟದ್ದನ್ನು ನೋಡಿ. ಇಲ್ಲಿ ಆ ಬುದ್ಧಿವಾದ ಕೆಲಸಕ್ಕೆ ಬಾರದು. ಪದ ಕಂಡ ಕ್ಷಣ ಅದರ ಅರ್ಥ ನಾಲಿಗೆಯ ತುದಿಯಲ್ಲಿರಬೇಕು. ಈ ಪರೀಕ್ಷೆಗೆ ಓದುವವರೆಲ್ಲ ಯಾಕೆ ಇಷ್ಟು ಗಟ್ಟಿಮಾಡುತ್ತಾರೆ ಎಂಬುದು ಈಗ ತಿಳಿಯಿತು.

*

ಜಾಲದಲ್ಲಿ ಯಾವ ಕೆಲಸಕ್ಕೆ ಯಾವ ಸಂಖ್ಯೆ ಎಂದು ಹೇಳುವ ಪೋರ್ಟ್ ಸಂಖ್ಯೆಗಳ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾಳೆ. ಎಫ್‌ಟಿಪಿ 21. ಎಸ್ಎಸ್ಎಚ್ 22. ಟೆಲ್ನೆಟ್ 23. ಎಸ್ಎಂಟಿಪಿ 25. ಡಿಎನ್ಎಸ್ 53. ಎಚ್‌ಟಿಟಿಪಿ 80. ಎಚ್‌ಟಿಟಿಪಿಎಸ್ 443. ಹಾಲು ಕಾಯಿಸುವಾಗ ಮಗ್ಗಿಯ ಹಾಗೆ ಹೇಳಿಕೊಳ್ಳುತ್ತಾಳೆ.

ನನಗೆ ಕಂಡದ್ದು: 21, 23, 25. ಹಳೆಯವೆಲ್ಲ ಬೆಸ ಸಂಖ್ಯೆಗಳು. ನಡುವೆ 22ರಲ್ಲಿ ಮಾತ್ರ ಎಸ್ಎಸ್ಎಚ್. ಅದು 1995ರದು ಎಂದು ಪುಸ್ತಕವೇ ಹೇಳುತ್ತದೆ, ಅಕ್ಕಪಕ್ಕದ 21, 23 ಎಪ್ಪತ್ತರ ದಶಕದಿಂದ ಬಂದವು. ಇಷ್ಟು ಹಿರಿಯರ ನಡುವೆ ಇಷ್ಟು ಕಿರಿಯದಕ್ಕೆ ಜಾಗ ಹೇಗೆ ಸಿಕ್ಕಿತು? ಮತ್ತೆ, ಅಷ್ಟು ವರ್ಷ ಆ ಜಾಗ ಖಾಲಿ ಯಾಕೆ ಇತ್ತು?

ಎರಡು ಪ್ರಶ್ನೆಗೂ ಉತ್ತರ ಸಿಕ್ಕಿತು. ಎರಡೂ ಸೇರಿ ಒಂದೇ ಕಥೆ.

ಆರ್ಪಾನೆಟ್‌ನಲ್ಲಿ ಮೊದಲು ಇದ್ದ ವ್ಯವಸ್ಥೆಯ ಹೆಸರು ಎನ್‌ಸಿಪಿ. ಅದರಲ್ಲಿ ಒಂದು ಸಂಪರ್ಕದಲ್ಲಿ ಮಾಹಿತಿ ಒಂದೇ ದಿಕ್ಕಿಗೆ ಹೋಗುತ್ತಿತ್ತು. ಹೋಗಲು ಒಂದು, ಬರಲು ಒಂದು ಎಂದು ಪ್ರತಿ ಕೆಲಸಕ್ಕೂ ಎರಡು ಸಂಖ್ಯೆ ಬೇಕು. ಒಂದು ಸಮ, ಒಂದು ಬೆಸ. ಹಾಗಾಗಿ ಸಂಖ್ಯೆಗಳನ್ನು ಜೋಡಿಯಾಗಿಯೇ ಕಾದಿರಿಸಿದ್ದರು. 1983ರ ಜನವರಿ 1ರಂದು ಇಡೀ ಆರ್ಪಾನೆಟ್ ಎನ್‌ಸಿಪಿ ಬಿಟ್ಟು ಟಿಸಿಪಿ/ಐಪಿಗೆ ಬದಲಾಯಿತು. ಟಿಸಿಪಿಯಲ್ಲಿ ಒಂದೇ ಸಂಪರ್ಕ ಎರಡೂ ದಿಕ್ಕಿಗೆ ಸಾಕು. ಆದರೂ ಜನ ಬೆಸ ಸಂಖ್ಯೆಗಳನ್ನು ಹಾಗೇ ಇಟ್ಟುಕೊಂಡರು. ಜೋಡಿಯ ಇನ್ನೊಂದು ಬದಿ ಬರಿದಾಗಿ ಉಳಿಯಿತು.

ಹನ್ನೆರಡು ವರ್ಷ ಕಳೆದ ಮೇಲೆ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಒಂದು ಕಳ್ಳತನ ಆಯಿತು. ಜಾಲದಲ್ಲಿ ಹರಿಯುವ ಪಾಸ್‌ವರ್ಡ್‌ಗಳನ್ನು ಯಾರೋ ಕದ್ದು ಓದುತ್ತಿದ್ದರು. ಟೆಲ್ನೆಟ್, ಎಫ್‌ಟಿಪಿ ಎರಡೂ ಪಾಸ್‌ವರ್ಡನ್ನು ಮುಚ್ಚುಮರೆ ಇಲ್ಲದೆ ಕಳಿಸುತ್ತವೆ. ದಾರಿಯಲ್ಲಿ ನಿಂತವನಿಗೆ ಅಂಚೆ ಕಾರ್ಡು ಓದಿದಷ್ಟು ಸುಲಭ. ಅಲ್ಲಿದ್ದ ಟಾಟು ಯಲೋನೆನ್ ಈ ಎರಡಕ್ಕೂ ಬದಲಿಯಾಗಿ ಎಸ್ಎಸ್ಎಚ್ ಬರೆದರು. ಬಿಡುಗಡೆಗೆ ಮುಂಚೆ, 1995ರ ಜುಲೈಯಲ್ಲಿ, ಸಂಖ್ಯೆಗಳ ಲೆಕ್ಕ ಇಡುವ ಐಎಎನ್ಎಗೆ ಇ-ಮೇಲ್ ಬರೆದು 22 ಕೊಡಿ ಎಂದು ಕೇಳಿದರು. ಎಫ್‌ಟಿಪಿಯ 21, ಟೆಲ್ನೆಟ್‌ನ 23, ಎರಡರ ನಡುವೆ ಖಾಲಿ ಕಂಡಿತ್ತು. ಎರಡರ ಜಾಗಕ್ಕೂ ಬರಬೇಕಾದದ್ದು ಅಲ್ಲೇ ಕೂತರೆ ಚೆನ್ನ ಅನ್ನಿಸಿತ್ತು. ಆಗ ಆ ಲೆಕ್ಕ ನೋಡುತ್ತಿದ್ದವರು ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್. ಮಾರನೆಯ ದಿನವೇ ಉತ್ತರ ಬಂತು. ಸಂಖ್ಯೆ ಸಿಕ್ಕಿತು.

ಗೋಡೆಯ ಮೇಲಿನ ಪಟ್ಟಿಯಲ್ಲಿ ಇದ್ಯಾವುದೂ ಇಲ್ಲ. ಎಸ್ಎಸ್ಎಚ್ 22, ಅಷ್ಟೆ. ಈ ಕಥೆ ಗೊತ್ತಿದ್ದವರು ಆ ಸಂಖ್ಯೆಯನ್ನು ಮರೆಯುವುದು ಹೇಗೆ ಎಂದು ನನಗೆ ತೋಚುವುದಿಲ್ಲ. ಟೆಲ್ನೆಟ್ ಯಾಕೆ ಬಳಸಬಾರದು ಎಂಬುದು ಪರೀಕ್ಷೆಯಲ್ಲಿ ಬೇರೆಯದೇ ಪ್ರಶ್ನೆಯಾಗಿ ಬರುತ್ತದಂತೆ. ಅದಕ್ಕೂ ಉತ್ತರ ಇದೇ ಕಥೆಯಲ್ಲಿದೆ.

*

ಜಾಲದ ಕೆಲಸವನ್ನು ಹಂಚಿ ತೋರಿಸುವ ಓಎಸ್ಐ ಮಾದರಿಯ ಏಳು ಪದರಗಳ ಹೆಸರು ನೆನಪಿಡಲು ಒಂದು ಇಂಗ್ಲಿಷ್ ವಾಕ್ಯ ಚಾಲ್ತಿಯಲ್ಲಿದೆ: ಪ್ಲೀಸ್ ಡು ನಾಟ್ ಥ್ರೋ ಸಾಸೇಜ್ ಪಿಜ್ಜಾ ಅವೇ. ಫಿಸಿಕಲ್, ಡೇಟಾ ಲಿಂಕ್, ನೆಟ್‌ವರ್ಕ್, ಟ್ರಾನ್ಸ್‌ಪೋರ್ಟ್, ಸೆಷನ್, ಪ್ರೆಸೆಂಟೇಷನ್, ಅಪ್ಲಿಕೇಷನ್. ಚೈತ್ರಾ ಸಾಸೇಜ್ ನೋಡಿಲ್ಲ. ಆದರೂ ವಾಕ್ಯ ಕೆಲಸ ಮಾಡುತ್ತದೆ, ಅಕ್ಷರಗಳು ಕೈಹಿಡಿದು ನಡೆಸುತ್ತವೆ.

ನನಗೆ ನೆನಪಾದದ್ದು ಯಮಾತಾರಾಜಭಾನಸಲಗಂ. ಛಂದಸ್ಸು ಕಲಿತವರಿಗೆಲ್ಲ ಗೊತ್ತಿರುವ ಸೂತ್ರ. ಯ ಎಂಬ ಅಕ್ಷರದಿಂದ ಶುರುಮಾಡಿ ಮೂರು ಅಕ್ಷರ ಎತ್ತಿಕೊಂಡರೆ ಯಮಾತಾ: ಒಂದು ಲಘು, ಎರಡು ಗುರು, ಅದೇ ಯಗಣ. ಒಂದಕ್ಷರ ಮುಂದೆ ಸರಿದರೆ ಮಾತಾರಾ, ಮೂರೂ ಗುರು, ಮಗಣ. ಹೀಗೆ ಸರಿಯುತ್ತಾ ಹೋದರೆ ಎಂಟೂ ಗಣ ಒಂದೊಂದು ಸಲ ಸಿಗುತ್ತವೆ. ಯಾವುದೂ ಬಿಟ್ಟುಹೋಗುವುದಿಲ್ಲ, ಯಾವುದೂ ಎರಡು ಸಲ ಬರುವುದಿಲ್ಲ. ಪಿಜ್ಜಾ ವಾಕ್ಯ ಮೊದಲ ಅಕ್ಷರಗಳನ್ನು ನೆನಪಿಸುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ನಮ್ಮ ಸೂತ್ರ ತಾನು ಹೇಳುವ ವಿಷಯವನ್ನು ತನ್ನ ಮೈಯಲ್ಲೇ ತೋರಿಸುತ್ತದೆ. ಇಂಥದ್ದೊಂದು ಸೂತ್ರವನ್ನು ನೆಟ್‌ವರ್ಕಿಂಗ್‌ಗೆ ಯಾರಾದರೂ ಕಟ್ಟಬೇಕು.

ಇದನ್ನು ಹೇಳುವಾಗ ಅವಳು ಸಬ್‌ನೆಟ್ ಲೆಕ್ಕ ಮಾಡುತ್ತಿದ್ದಳು. ವಿಳಾಸ 192.168.10.77, ಮುಂದೆ /26. ಇದು ಯಾವ ಜಾಲಕ್ಕೆ ಸೇರಿದ್ದು? ಅವಳು 77ನ್ನು ಒಂದು, ಸೊನ್ನೆಗಳಿಗೆ ಒಡೆಯಲು ಅರ್ಧ ಮಾಡುತ್ತಾ ಹೋದಳು. 77 ಬೆಸ, 1 ಬರೆ, 38 ಸಮ, 0, 19 ಬೆಸ, 1, 9 ಬೆಸ, 1, 4 ಸಮ, 0, 2 ಸಮ, 0, ಕೊನೆಗೆ 1. ಕೆಳಗಿನಿಂದ ಮೇಲಕ್ಕೆ ಓದಿದರೆ 1001101, ಮುಂದೆ ಒಂದು ಸೊನ್ನೆ ಸೇರಿಸಿದರೆ ಎಂಟು ಬಿಟ್.

ನಾನು ಪೆನ್ನು ಕೆಳಗಿಟ್ಟೆ. ಇದು ನಷ್ಟದ ಲೆಕ್ಕ. ಪಿಂಗಳನ ಛಂದಃಶಾಸ್ತ್ರದಲ್ಲಿ ಪ್ರಸ್ತಾರ ಎಂದರೆ ಗುರು ಲಘುಗಳ ಎಲ್ಲ ಜೋಡಣೆಗಳನ್ನೂ ಕ್ರಮವಾಗಿ ಬರೆದ ಪಟ್ಟಿ. ಪಟ್ಟಿ ಅಳಿಸಿಹೋಗಿ ಸಾಲಿನ ಸಂಖ್ಯೆ ಮಾತ್ರ ಗೊತ್ತಿದ್ದರೆ ಆ ಸಾಲನ್ನು ಮತ್ತೆ ಪಡೆಯುವ ವಿಧಾನಕ್ಕೆ ನಷ್ಟ ಎಂದು ಹೆಸರು. ಸಂಖ್ಯೆ ಸಮವಾದರೆ ಅರ್ಧ ಮಾಡಿ ಲಘು ಬರೆ. ಬೆಸವಾದರೆ ಒಂದು ಕೂಡಿಸಿ, ಅರ್ಧ ಮಾಡಿ, ಗುರು ಬರೆ. ಮೂರಕ್ಷರದ ಪ್ರಸ್ತಾರದಲ್ಲಿ ಐದನೆಯ ಸಾಲು ಯಾವುದು? 5 ಬೆಸ, ಗುರು. ಒಂದು ಕೂಡಿಸಿ ಅರ್ಧ ಮಾಡಿದರೆ 3, ಮತ್ತೆ ಗುರು. ಹಾಗೇ ಮುಂದೆ 2, ಲಘು. ಗುರು ಗುರು ಲಘು: ತಗಣ. ಮ ಯ ರ ಸ ತ ಎಂದು ಎಣಿಸಿದರೆ ಐದನೆಯದು ಅದೇ.

ಚೈತ್ರಾ ಕಾಗದ ಎಳೆದುಕೊಂಡು ನೋಡಿದಳು. "ಒಂದು ಯಾಕೆ ಕೂಡಿಸ್ಬೇಕು?" ಎಂದು ಕೇಳಿ, ನಾನು ಬಾಯಿ ತೆಗೆಯುವ ಮುಂಚೆ ತಾನೇ ಹೇಳಿದಳು: "ನೀವು ಒಂದರಿಂದ ಎಣಿಸ್ತೀರಿ, ನಾವು ಸೊನ್ನೆಯಿಂದ." ಅದು ಸರಿ. ಉಳಿದ ವ್ಯತ್ಯಾಸವೆಲ್ಲ ಯಾವ ತುದಿಯಿಂದ ಬರೆಯುತ್ತೇವೆ, ಯಾವುದನ್ನು ಸೊನ್ನೆ ಅನ್ನುತ್ತೇವೆ ಎಂಬಷ್ಟೆ.

/26 ಎಂದರೆ ಕೊನೆಯ ಆಕ್ಟೆಟ್‌ನಲ್ಲಿ ಮೊದಲ ಎರಡು ಬಿಟ್ ಜಾಲಕ್ಕೆ, ಉಳಿದ ಆರು ಯಂತ್ರಕ್ಕೆ. 01 001101. ಜಾಲದ ವಿಳಾಸ 64, ಬ್ರಾಡ್‌ಕಾಸ್ಟ್ 127, ನಡುವೆ ಬಳಸಲು ಸಿಗುವುದು 62. ಎಷ್ಟೋ ವರ್ಷ ಪ್ರಸ್ತಾರ ಪಾಠ ಮಾಡುವಾಗ ಹುಡುಗರು "ಇದರ ಉಪಯೋಗ ಏನು ಸಾರ್" ಅನ್ನುತ್ತಿದ್ದರು. ಅವರಲ್ಲಿ ಈಗ ಎಷ್ಟು ಜನ ಇದೇ ಬೆಂಗಳೂರಿನಲ್ಲಿ ಸಬ್‌ನೆಟ್ ಹಾಕುತ್ತಿದ್ದಾರೋ!

*

ಡಿಫಾಲ್ಟ್ ಗೇಟ್‌ವೇ ಎಂದರೆ ರೌಟರ್. ಹಾಗಾದರೆ ಡಿಫಾಲ್ಟ್ ರೌಟರ್ ಎಂದೇ ಅನ್ನಬಹುದಿತ್ತಲ್ಲ? ಹಳೆಯ ದಾಖಲೆಗಳಲ್ಲಿ ರೌಟರನ್ನು ಗೇಟ್‌ವೇ ಎಂದೇ ಕರೆಯುತ್ತಿದ್ದರು. ಅವುಗಳ ಬಗೆಗಿನ 1987ರ ನಿಯಮಾವಳಿಯ ಶೀರ್ಷಿಕೆಯಲ್ಲಿ ಗೇಟ್‌ವೇ ಇದೆ, ಅದರ ಜಾಗಕ್ಕೆ 1995ರಲ್ಲಿ ಬಂದದ್ದರಲ್ಲಿ ರೌಟರ್. ಜಾಲಗಳ ನಡುವೆ ದಾರಿ ತಿಳಿಸುವ ಬಿಜಿಪಿಯ ನಡುವಿನ ಅಕ್ಷರವೂ ಅದೇ ಗೇಟ್‌ವೇ.

*

ಕ್ಲಾಸ್ ಎ, ಬಿ, ಸಿ ಎಂಬ ವಿಳಾಸದ ವರ್ಗಗಳನ್ನು 1993ರಲ್ಲೇ ಕೈಬಿಟ್ಟಿದ್ದಾರೆ. ಅವಳ ಮೇಷ್ಟ್ರು ಈಗಲೂ 192.168ರಿಂದ ಶುರುವಾಗುವುದಕ್ಕೆಲ್ಲ "ಕ್ಲಾಸ್ ಸಿ" ಅನ್ನುತ್ತಾರೆ, ಹುಡುಗರಿಗೂ ಅದೇ ಬಾಯಿಗೆ ಬಂದಿದೆ.

*

ಟಿಟಿಎಲ್. ಟೈಮ್ ಟು ಲಿವ್. ಪ್ಯಾಕೆಟ್ ಎಷ್ಟು ಹೊತ್ತು ಬದುಕಬಹುದು ಎಂಬ ಸಂಖ್ಯೆ ಎಂದು ಓದಿದೆ. ಮುಂದಿನ ಸಾಲಿನಲ್ಲೇ, ಪ್ರತಿ ರೌಟರ್ ದಾಟಿದಾಗ ಒಂದು ಕಡಿಮೆಯಾಗುತ್ತದೆ ಎಂದಿದೆ. ಹಾಗಾದರೆ ಎಣಿಸುತ್ತಿರುವುದು ಹೊತ್ತನ್ನೋ, ರೌಟರ್‌ಗಳನ್ನೋ?

1981ರ ಮೂಲ ನಿಯಮದಲ್ಲಿ ಅಳತೆ ಸೆಕೆಂಡಿನಲ್ಲೇ ಇದೆ. ಜೊತೆಗೆ, ಒಂದು ಸೆಕೆಂಡಿಗಿಂತ ಬೇಗ ಕಳಿಸಿದರೂ ಪ್ರತಿ ಯಂತ್ರವೂ ಕನಿಷ್ಠ ಒಂದು ಕಳೆಯಲೇಬೇಕು ಎಂದೂ ಇದೆ. ಯಂತ್ರಗಳು ವೇಗವಾದವು. ಯಾವ ರೌಟರೂ ಪ್ಯಾಕೆಟನ್ನು ಸೆಕೆಂಡುಗಟ್ಟಲೆ ಇಟ್ಟುಕೊಳ್ಳುವುದಿಲ್ಲ. ಸೆಕೆಂಡು ಬಿದ್ದುಹೋಯಿತು, ಕನಿಷ್ಠ ಒಂದು ಎಂಬುದೇ ನಿಯಮವಾಯಿತು. ಐಪಿ ಆರನೇ ಆವೃತ್ತಿಯಲ್ಲಿ ಅದನ್ನೇ ಹಾಪ್ ಲಿಮಿಟ್ ಎಂದು ಕರೆದು ಹೆಸರು ಸರಿಮಾಡಿದ್ದಾರೆ. ನಾಲ್ಕನೇ ಆವೃತ್ತಿಯಲ್ಲಿ ಹಳೆಯದೇ ನಡೆದುಕೊಂಡು ಬಂದಿದೆ.

ಈ ಸಂಖ್ಯೆ ಇರುವುದು ದಾರಿ ತಪ್ಪಿದ ಪ್ಯಾಕೆಟ್ ಎರಡು ರೌಟರ್‌ಗಳ ನಡುವೆ ಸುತ್ತುತ್ತಲೇ ಇರಬಾರದು ಎಂದು. ಸೊನ್ನೆ ಮುಟ್ಟಿದ ಕೂಡಲೇ ಕೈಯಲ್ಲಿದ್ದ ರೌಟರ್ ಅದನ್ನು ಬಿಸಾಡಿ, ಕಳಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಟ್ರೇಸ್‌ರೂಟ್ ಎಂಬ ಆಜ್ಞೆ ಈ ಸುದ್ದಿಯನ್ನೇ ಬಳಸಿಕೊಳ್ಳುತ್ತದೆ. ಚೈತ್ರಾ ಲ್ಯಾಪ್‌ಟಾಪಿನಲ್ಲಿ ಮಾಡಿ ತೋರಿಸಿದಳು. ಮೊದಲು ಟಿಟಿಎಲ್ 1 ಇಟ್ಟು ಕಳಿಸುತ್ತದೆ; ಮನೆಯ ರೌಟರ್ ಬಿಸಾಡಿ ತನ್ನ ವಿಳಾಸದಿಂದ ಉತ್ತರಿಸುತ್ತದೆ: 192.168.1.1. ಆಮೇಲೆ 2, ಅದರ ಮುಂದಿನದು ಉತ್ತರಿಸುತ್ತದೆ. ಆಮೇಲೆ 3. ಸಾಲುಸಾಲಾಗಿ ದಾರಿ ತೆರೆದುಕೊಳ್ಳುತ್ತದೆ. ನಡುವೆ ಒಂದು ಸಾಲಿನಲ್ಲಿ ಮೂರು ನಕ್ಷತ್ರ ಬಂದವು. "ಹೋಗಿಲ್ವಾ?" ಎಂದೆ. "ಹೋಗಿದೆ. ಆ ರೌಟರ್ ಉತ್ತರ ಕೊಡಲ್ಲ, ಅಷ್ಟೆ. ಮುಂದಿನ ಸಾಲು ಬಂತಲ್ಲ, ನೋಡಿ." ವಿಳಾಸವನ್ನೇ ಹೇಳದೆ ಕೆಲಸ ಮಾಡುವವರೂ ದಾರಿಯಲ್ಲಿದ್ದಾರೆ. ಪ್ಯಾಕೆಟ್ ಸಾಯಲೆಂದು ಇಟ್ಟ ವ್ಯವಸ್ಥೆಯಿಂದ ದಾರಿಯ ನಕ್ಷೆ ತೆಗೆಯಬಹುದು ಎಂದು ಹೊಳೆದ ತಲೆಗೆ ನಮಸ್ಕಾರ. ಆ ಆಜ್ಞೆಯನ್ನು ಬರೆದವರು ವ್ಯಾನ್ ಜೇಕಬ್‌ಸನ್.

*

ಎಸ್.ಪಿ. ರಸ್ತೆಗೆ ಹೋಗಿ ಕೇಬಲ್, ಆರ್‌ಜೆ-45 ಕನೆಕ್ಟರ್, ಕ್ರಿಂಪಿಂಗ್ ಟೂಲ್ ತಂದೆವು. ಪರೀಕ್ಷೆಯಲ್ಲಿ ಕೇಬಲ್ ಕಟ್ಟುವುದು ಇಲ್ಲ, ಆದರೂ ಒಂದು ಸಲ ಮಾಡಬೇಕು ಎಂದು ಹಟ ಹಿಡಿದಳು. ಅವಳ ಹಟ ನನಗೆ ಹಿಡಿಸಿತು.

ಮೇಲಿನ ಕವಚ ಸುಲಿದರೆ ಒಳಗೆ ನಾಲ್ಕು ಜೋಡಿ, ಎಂಟು ತಂತಿ. ಪ್ರತಿ ಜೋಡಿಯೂ ಹೆಣೆದುಕೊಂಡಿದೆ. ಹೆಣಿಗೆ ಬಿಗಿಯಾದಷ್ಟೂ ಒಳ್ಳೆಯದು: ಹೊರಗಿನ ಗದ್ದಲ ಎರಡೂ ತಂತಿಯ ಮೇಲೆ ಸಮನಾಗಿ ಬೀಳುತ್ತದೆ, ಓದುವ ಕಡೆ ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಂಡಾಗ ಗದ್ದಲ ಕಳೆದುಹೋಗುತ್ತದೆ. ಟೆಲಿಫೋನಿನ ಬೆಲ್ ಇದಕ್ಕೆ 1881ರಲ್ಲೇ ಪೇಟೆಂಟ್ ಪಡೆದಿದ್ದರು. ತುದಿಯಲ್ಲಿ ಬಿಚ್ಚಬೇಕಾದದ್ದು ಅರ್ಧ ಇಂಚು ಮಾತ್ರ. ಅವಳು ಬಿಚ್ಚಿ, ಬೆರಳಿನಿಂದ ನೀವಿ ನೇರಮಾಡಿ, ಬಣ್ಣ ಹೇಳುತ್ತಾ ಸಾಲಾಗಿಟ್ಟಳು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ನನ್ನ ಕಣ್ಣಿಗೆ ಬಿದ್ದದ್ದು ಹಸಿರು. ಉಳಿದ ಮೂರು ಜೋಡಿ ಪಕ್ಕಪಕ್ಕದಲ್ಲಿವೆ. ಹಸಿರು ಜೋಡಿಯನ್ನು ಮಾತ್ರ ಅಗಲಿಸಿ ನಡುವೆ ನೀಲಿಯನ್ನು ಕೂರಿಸಿದ್ದಾರೆ. ಅಷ್ಟು ಜತನದಿಂದ ಹೆಣೆದ ಜೋಡಿಯನ್ನು ತುದಿಯಲ್ಲಿ ಹೀಗೇಕೆ ಬೇರೆ ಮಾಡಿದರು? ಕಾರಣ ಟೆಲಿಫೋನ್. ಫೋನಿನ ಸಣ್ಣ ಪ್ಲಗ್ಗಿನಲ್ಲಿ ಲೈನು ಬರುವುದು ನಟ್ಟನಡುವಿನ ಎರಡು ಪಿನ್ನಿಗೆ. ಅದೇ ತಂತಿಯಲ್ಲಿ, ಅದೇ ಗೋಡೆಯ ತೂತಿನಲ್ಲಿ ಫೋನೂ ನಡೆಯಬೇಕು ಎಂದು ನಡುವಿನ ಜಾಗವನ್ನು ನೀಲಿಗೆ ಬಿಟ್ಟುಕೊಟ್ಟರು. ಮುಂದಿನ ಜೋಡಿ ಅದರ ಎರಡು ಮಗ್ಗುಲಿಗೆ ಸರಿಯಿತು. ಲ್ಯಾಂಡ್‌ಲೈನ್ ತೆಗೆಸಿಹಾಕಿದ ನಮ್ಮ ಮನೆಯಲ್ಲೂ ಆ ಮರ್ಯಾದೆ ನಡೆಯುತ್ತಿದೆ.

ಕಟಕ್ ಎಂದು ಟೂಲ್ ಒತ್ತಿದಳು. ಟೆಸ್ಟರಿನಲ್ಲಿ ಎಂಟೂ ದೀಪ ಕ್ರಮವಾಗಿ ಹತ್ತಿದವು.

*

ಈಥರ್ನೆಟ್ ಫ್ರೇಮ್ 64 ಬೈಟ್‌ಗಿಂತ ಚಿಕ್ಕದಿರುವಂತಿಲ್ಲ. ಹೇಳಬೇಕಾದದ್ದು ಒಂದೇ ಅಕ್ಷರವಾದರೂ ಉಳಿದದ್ದನ್ನು ಸೊನ್ನೆಗಳಿಂದ ತುಂಬಬೇಕು. ಹಿಂದೆ ಎಲ್ಲ ಯಂತ್ರಗಳೂ ಒಂದೇ ತಂತಿಯನ್ನು ಹಂಚಿಕೊಂಡಿದ್ದವು; ಇಬ್ಬರು ಒಟ್ಟಿಗೆ ಕಳಿಸಿದರೆ ಡಿಕ್ಕಿ. ಡಿಕ್ಕಿಯ ಸುದ್ದಿ ತಂತಿಯ ಆಚೆ ತುದಿಯಿಂದ ವಾಪಸ್ ಬರುವ ತನಕ ಕಳಿಸುವವರು ಇನ್ನೂ ಕಳಿಸುತ್ತಲೇ ಇರಬೇಕು, ಇಲ್ಲದಿದ್ದರೆ ಡಿಕ್ಕಿಯಾದದ್ದು ಗೊತ್ತಾಗುವುದಿಲ್ಲ. ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಆ ಹೊತ್ತು 51.2 ಮೈಕ್ರೊಸೆಕೆಂಡ್, ಅಷ್ಟರಲ್ಲಿ ಹೋಗುವುದು 512 ಬಿಟ್, ಅಂದರೆ 64 ಬೈಟ್. ಈಗ ಸ್ವಿಚ್ಚಿನ ಪ್ರತಿ ಪೋರ್ಟಿಗೂ ಒಂದೇ ಯಂತ್ರ, ಹೋಗಲು ಬರಲು ಬೇರೆ ಬೇರೆ ದಾರಿ, ಡಿಕ್ಕಿಯ ಮಾತೇ ಇಲ್ಲ. 64 ಉಳಿದಿದೆ. ಇದನ್ನು ಓದಿದ ದಿನ ಚೈತ್ರಾಳ ಟಿಪ್ಪಣಿಯಲ್ಲಿ ಬರೀ "64 ಮಿನಿಮಮ್" ಎಂದಿತ್ತು. ಪಕ್ಕದಲ್ಲಿ ಪೆನ್ಸಿಲಿನಲ್ಲಿ "ಯಾಕೆ?" ಎಂದು ಅವಳೇ ಬರೆದುಕೊಂಡಿದ್ದಳು. ಆ ಒಂದು ಪದ ಕಂಡು ನನಗಾದ ಸಂತೋಷ ಹೇಳತೀರದು.

*

ಟ್ರಂಕ್: ಸಿಸ್ಕೊ ಭಾಷೆಯಲ್ಲಿ ಅನೇಕ ವಿಎಲ್ಎಎನ್‌ಗಳನ್ನು (ಒಂದೇ ಸ್ವಿಚ್ಚಿನೊಳಗೆ ಕಟ್ಟಿಕೊಂಡ ಬೇರೆ ಬೇರೆ ಜಾಲಗಳನ್ನು) ಹೊತ್ತೊಯ್ಯುವ ಒಂದು ಕೊಂಡಿ. ಬೇರೆ ಕೆಲವು ಕಂಪನಿಗಳ ಸ್ವಿಚ್ಚಿನಲ್ಲಿ ಅದೇ ಪದಕ್ಕೆ ಅರ್ಥ, ಹಲವು ಕೊಂಡಿಗಳನ್ನು ಸೇರಿಸಿ ಒಂದು ಮಾಡಿದ್ದು. ಒಬ್ಬರಿಗೆ ಒಂದರಲ್ಲಿ ಹಲವು, ಇನ್ನೊಬ್ಬರಿಗೆ ಹಲವು ಸೇರಿ ಒಂದು. ಕೆಲಸಕ್ಕೆ ಸೇರಿದ ಮೇಲೆ ಯಾರ ಪೆಟ್ಟಿಗೆ ಮುಂದಿದೆ ಎಂದು ನೋಡಿಕೊಂಡು ಮಾತಾಡಬೇಕು.

*

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಆ ಏಳು ಪದರಗಳೇ. ಓಎಸ್ಐ ಮಾದರಿ 1984ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಜೊತೆಗೆ ಬರೆದ ಪ್ರೋಟೊಕಾಲ್‌ಗಳು ಟಿಸಿಪಿ/ಐಪಿಯ ಮುಂದೆ ಸೋತವು. ನಮ್ಮ ದೇಶದ ಅರ್ನೆಟ್ ಕೂಡ ಈ ಪೈಪೋಟಿಯನ್ನು ಕಂಡಿದೆ. 1986ರಲ್ಲಿ ಆ ಜಾಲ ಶುರುವಾದಾಗ ಇದ್ದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಅದರ ಬೆನ್ನೆಲುಬಿನ ಮೇಲೆ ಮೊದಲಿಗೆ ಎರಡೂ ಓಡುತ್ತಿದ್ದವು. 1995ರಿಂದೀಚೆಗೆ ಬಹುಪಾಲು ಟಿಸಿಪಿ/ಐಪಿಯೇ. ಓಎಸ್ಐಯ ಪ್ರೋಟೊಕಾಲ್‌ಗಳಲ್ಲಿ ಐಎಸ್-ಐಎಸ್‌ನಂಥ ಒಂದೆರಡು ದೊಡ್ಡ ಜಾಲಗಳಲ್ಲಿ ಬದುಕಿವೆ. ಉಳಿದಂತೆ ಸೆಷನ್, ಪ್ರೆಸೆಂಟೇಷನ್ ಎಂಬ ಪದರಗಳನ್ನು ಬೇರೆಬೇರೆಯಾಗಿ ಕಟ್ಟಿದ ಯಂತ್ರ ಇವತ್ತು ಮೇಜಿನ ಮೇಲೆ ಸಿಗುವುದಿಲ್ಲ. ಸೋತದ್ದನ್ನು ನಲವತ್ತು ವರ್ಷವಾದರೂ ಮೊದಲ ಪಾಠವಾಗಿ ಯಾಕೆ ಕಲಿಸುತ್ತಾರೆ?

ಉತ್ತರ ಸಿಕ್ಕಿದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಾಯಿಂದ. ರಾತ್ರಿ ಪಾಳಿಯಲ್ಲಿ ನೆಟ್‌ವರ್ಕ್ ಕಾಯುವ ಕೆಲಸ ಅವನದು. ಮನೆಗೆ ಬಂದಿದ್ದಾಗ ಫೋನು ಬಂತು. ಆ ಕಡೆಯವರು ಏನೋ ಉದ್ದಕ್ಕೆ ಹೇಳಿದರು. ಇವನು ಕೇಳಿದ್ದು ಇಷ್ಟೇ: "ಲೇಯರ್ ಒನ್ ಚೆಕ್ ಮಾಡಿದ್ರಾ?" ತಂತಿ ಕೂತಿದೆಯೇ, ದೀಪ ಹತ್ತಿದೆಯೇ, ಪೋರ್ಟ್ ಮುಚ್ಚಿದೆಯೇ, ಇದೆಲ್ಲ ಆ ನಾಲ್ಕು ಪದದಲ್ಲಿ ಬಂತು. ಆಮೇಲೆ "ಲೇಯರ್ ಟೂ ಸರಿ ಇದೆ, ಲೇಯರ್ ತ್ರೀನಲ್ಲಿ ನೋಡೋಣ" ಅಂದ. ಆ ಕಡೆ ಇದ್ದವರು ಪುಣೆಯವರಂತೆ, ಇವನು ತುಮಕೂರಿನವನು, ಯಂತ್ರ ಇದ್ದದ್ದು ಬೇರೆ ದೇಶದಲ್ಲಿ. ಯಂತ್ರದೊಳಗೆ ಏಳು ಪದರ ಇಲ್ಲದಿರಬಹುದು. ಕೆಟ್ಟದ್ದು ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಈ ಜನಕ್ಕೆ ಅಷ್ಟು ಮೆಟ್ಟಿಲು ಬೇಕು. ಮಾದರಿ ಉಳಿದಿರುವುದು ಮಾತಿಗಾಗಿ. ಹಾಗೆ ನೋಡಿದರೆ ಪರೀಕ್ಷೆಯೂ ಇವರ ನಡುವಿನ ಮಾತಿಗೆ ಪ್ರವೇಶವೇ.

*

ಅದೇ ಹುಡುಗ ಹೊರಡುವಾಗ ಅಂದದ್ದು: "ಎಲ್-2 ಎಂಜಿನಿಯರ್ ಎಲ್-3 ಇಶ್ಯೂ ನೋಡ್ತಾ ಇದ್ದಾರೆ ಸಾರ್, ಎಲ್-3ಗೆ ಎಸ್ಕಲೇಟ್ ಮಾಡ್ಬೇಕಾಗ್ಬಹುದು."

ಒಂದೇ ವಾಕ್ಯದಲ್ಲಿ ಎಲ್-3 ಎರಡು ಸಲ ಬಂತು, ಅರ್ಥ ಬೇರೆ ಬೇರೆ ಎಂದು ಮಾತ್ರ ಗೊತ್ತಾಯಿತು. ಅವನು ಹೋದ ಮೇಲೆ ಚೈತ್ರಾಳನ್ನು ಕೇಳಿದೆ. ಇಶ್ಯೂಗೆ ಅಂಟಿದ ಎಲ್ ಲೇಯರಿನದು, ಎಂಜಿನಿಯರಿಗೆ ಅಂಟಿದ ಎಲ್ ಹಂತದ್ದು: ಮೊದಲು ಫೋನೆತ್ತುವವರು ಎಲ್-1, ಅವರ ಮೇಲಿನವರು ಎಲ್-2, ಅವರಿಗೂ ಆಗದಿದ್ದರೆ ಎಲ್-3.

"ಅದು ಸಿಲಬಸ್‌ನಲ್ಲಿ ಇದೆಯಾ?"

"ಇಲ್ಲ ಮಾವ. ಅದು ಕೆಲಸಕ್ಕೆ ಸೇರಿದ್ಮೇಲೆ."